ತಬ್ಬಲಿಯ ಅವ್ವ

ದೇಸೂರ
11 ಡಿಸೆಂಬರ್ 2025, ಗುರುವಾರ

ಚಿರಂಜೀವಿ ಪೂರ್ಣಿಮಾಗೆ,

ನಿನ್ನ ಅವ್ವ ಶಿವಲಿಂಗವ್ವ ಮಾಡುವ ಆಶೀರ್ವಾದ. ಕಾಗದ ಬರೆಯುವವರೆಲ್ಲ ಮೊದಲು ‘ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು’ ಎಂದು ಬರೆಯುತ್ತಾರೆ. ನನಗೆ ಹಾಗೆ ಬರೆಯಲು ಕೈ ಏಳುತ್ತಿಲ್ಲ. ಊರಿಗೆ ಊರೇ ಸತ್ತಳೆಂದು ಅತ್ತ ಹೆಂಗಸು ತಾನು ಕ್ಷೇಮ ಎಂದು ಬರೆದರೆ ಓದಿದವರು ಏನೆಂದಾರು? ಬದುಕಿದ್ದೇನೆ. ಮುಂಜಾನೆ ಎರಡು ರೊಟ್ಟಿ ತಿಂದಿದ್ದೇನೆ. ನಿನ್ನ ಚಿಗವ್ವ ಪ್ರಮಿಳಾಳ ಮನೆಯ ಹಿತ್ತಲ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತು ಬರೆಯುತ್ತಿದ್ದೇನೆ. ಸದ್ಯಕ್ಕೆ ಇಷ್ಟು ತಿಳಿದುಕೋ. ಮೇಲೆ ಚಿರಂಜೀವಿ ಎಂದು ಬರೆದೆನಲ್ಲ, ಅದೊಂದನ್ನು ಮಾತ್ರ ರೂಢಿಗೆಂದು ಬರೆದಿಲ್ಲ.

ಫೋನ್ ಮಾಡಬಾರದಿತ್ತೇ ಎನ್ನುತ್ತೀ. ಯಾವ ನಂಬರಿಗೆ ಮಾಡಲಿ, ಹೇಳು? ನಿನ್ನ ಹಳೆಯ ನಂಬರು, ನನ್ನ ನಂಬರು ಎರಡನ್ನೂ ನಿನ್ನ ಹಾಡಿನ ಕಂಪನಿಯವರು ಬಂದ್ ಮಾಡಿಸಿದರು. ಚಿಗವ್ವನ ಫೋನಿನಿಂದ ನಿನ್ನ ಹೊಸ ನಂಬರಿಗೆ ಹಚ್ಚಿದರೆ ಯಾವನೋ ಎತ್ತಿ “ತಬ್ಬಲಿ ಪೂರ್ಣಿ ಅವರ ಆಫೀಸ್‌ರೀ, ಯಾರ್ ಮಾತಾಡೂದು?” ಎನ್ನುತ್ತಾನೆ. ತಬ್ಬಲಿಯ ಅವ್ವ ಮಾತಾಡೂದು ಎಂದು ಹೇಳಲೇ? ಒಮ್ಮೆ ಹೇಳಿಯೇಬಿಡೋಣ ಎಂದು ಬಾಯಿ ತೆರೆದಿದ್ದೆ. ಫೋನಿನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗಿ ಊರ ತುಂಬ ತಿರುಗುತ್ತದೆ ಎಂದು ಕಂಪನಿಯ ವಿಕ್ರಮ ಸರ್ ಹೆದರಿಸಿದ್ದು ನೆನಪಾಗಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಿನ್ನ ಗೆಳತಿ ಸಾನಿಕಾ ಶನಿವಾರ ಬರುತ್ತಾಳೆ, ಅವಳ ಕೈಯಲ್ಲಿ ಕೊಡುತ್ತೇನೆ. ಖಾನಾಪುರದ ಕಾರ್ಯಕ್ರಮಕ್ಕೆ ರವಿವಾರ ನಿನ್ನ ಮೇಕಪ್ ಅವಳದೇ ಅಲ್ಲವೇ. “ಕಾಕೂ, ನನ್ನ ಪಾರ್ಲರ್‌ಗೆ ಬರೋರೆಲ್ಲ ಬೆಳ್ಳಗ ಮಾಡು ಅಂತಾರ. ನಿಮ್ಮ ಪೂರ್ಣಿ ಕಂಪನಿಯವರು ಒಬ್ರ ನೋಡ್ರಿ ಕರ್ರಗ ಮಾಡು ಅನ್ನೋರು” ಎಂದು ಹೋದ ಸಲ ಬಂದಾಗ ನಗುತ್ತಿದ್ದಳು. ನಾನೂ ನಕ್ಕೆ. ಬಿಸಿಲಿಗೆ ಸುಟ್ಟ ಹುಡುಗಿಯ ಬಣ್ಣವೂ ಡಬ್ಬಿಯಲ್ಲಿ ಸಿಗುತ್ತದೆಂದು ನನಗೇನು ಗೊತ್ತಿತ್ತು.

ನಾನು ಸತ್ತ ಸುದ್ದಿ ನನಗೆ ಮೊದಲು ತಿಳಿದದ್ದು ನಮ್ಮ ವಡಗಾವಿಯ ಹಿಟ್ಟಿನ ಗಿರಣಿಯಲ್ಲಿ. ಇದನ್ನು ನಿನಗೆ ಹೇಳಿರಲಿಲ್ಲ. ಜೋಳದ ಡಬ್ಬಿ ಇಟ್ಟುಕೊಂಡು ಪಾಳಿಗೆ ನಿಂತಿದ್ದೆ. ನಮ್ಮ ಓಣಿಯವಳಲ್ಲದ ಒಬ್ಬ ಹೆಂಗಸು ಬೆಂಚಿನ ಮೇಲೆ ಕೂತು ಮೊಬೈಲ್ ನೋಡುತ್ತ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗಿರಣಿಯ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಗಿರಣಿ ನಿಲ್ಲಿಸಿದ ಕೂಡಲೇ ನಿನ್ನ ದನಿ ಕೇಳಿತು.

ಹೊಸ್ತಿಲ ದಾಟಿದಿ, ಹೊಳ್ಳಿ ನೋಡಲಿಲ್ಲ
ಕಂಡಿಕಿ ಸುತ್ತೂ ಕೈ ಯಾರಿಗಿ ಕೊಟ್ಟಿ
ಏಳ ನನ್ನವ್ವ ಶಿವಲಿಂಗವ್ವ
ಏಳಂದ್ರ ಏಳವಲ್ಲಿ

ಬಗ್ಗಿ ನೋಡಿದೆ. ನನ್ನದೇ ಫೋಟೋ, ಅದಕ್ಕೆ ಚೆಂಡುಹೂವಿನ ಹಾರ, ಮುಂದೆ ದೀಪ, ದೀಪದ ಮುಂದೆ ತಲೆಗೂದಲು ಕೆದರಿಕೊಂಡು ಕೂತ ನೀನು. “ಪಾಪ ನೋಡ್ರೀ ಬಾಯಾರ, ಅವ್ವ ಸತ್ತ ಹುಡುಗಿ. ಎದಿ ಒಡಿಯೂ ಹಂಗ ಹಾಡ್ತಾಳ” ಎಂದು ಆಕೆ ನನಗೇ ಹೇಳಿದಳು. ನನ್ನ ಮುಖ ನೋಡಿ ಹೇಳಿದಳು, ಆದರೂ ಗುರುತು ಹಿಡಿಯಲಿಲ್ಲ, ಕಣ್ಣಲ್ಲಿ ಅಷ್ಟು ನೀರು. ಮೂಗಿನ ಹತ್ತಿರ ಕೈ ಹಿಡಿದು ಉಸಿರು ಬರುತ್ತಿದೆಯೇ ಎಂದು ನೋಡಿಕೊಂಡೆ. ನಗಬೇಡ, ಖರೇ ಹೇಳುತ್ತಿದ್ದೇನೆ. ಜೋಳ ಅಲ್ಲೇ ಬಿಟ್ಟು ಮನೆಗೆ ಬಂದೆ, ಅಂದು ಅನ್ನ ಮಾಡಿ ಉಂಡೆ.

ಆ ಫೋಟೋ ನಮ್ಮ ಓಣಿಯ ಸಂಗೀತಾಳ ಮದುವೆಯದು, ಹಸಿರು ಇಳಕಲ್ ಉಟ್ಟದ್ದು. ಅದರಲ್ಲಿ ನನ್ನ ಬಾಜು ನೀನು ನಿಂತಿದ್ದೆ, ಕನ್ನಡಕ ಹಾಕಿಕೊಂಡು, ನನ್ನ ಭುಜದ ಮೇಲೆ ಕೈ ಇಟ್ಟು. ಕಂಪನಿಯವರು ನಿನ್ನನ್ನು ಕತ್ತರಿಸಿ ತೆಗೆದಿದ್ದಾರೆ. ಆದರೆ ನಿನ್ನ ಬೆರಳು ತೆಗೆಯಲು ಮರೆತಿದ್ದಾರೆ. ಹಾರ ಹಾಕಿದ ಫೋಟೋದಲ್ಲಿ ನನ್ನ ಎಡಭುಜದ ಮೇಲೆ ನಿನ್ನ ಬೆರಳು ಇನ್ನೂ ಇವೆ. ಲಕ್ಷಗಟ್ಟಲೆ ಜನ ನೋಡಿದರಂತೆ, ಒಬ್ಬರೂ ಕೇಳಿಲ್ಲ ಇವು ಯಾರ ಬೆರಳು ಎಂದು. ನಾನು ಚಿಗವ್ವನ ಫೋನಿನಲ್ಲಿ ಆ ಹಾಡಿನ ಸದ್ದು ತೆಗೆದು ಆ ಬೆರಳನ್ನಷ್ಟೇ ನೋಡುತ್ತೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಇತ್ತು, ಈಗ ಇಲ್ಲ. ನೀನು ಎಷ್ಟು ಕಷ್ಟಪಟ್ಟೆ ಎಂದು ನಾನು ಕಂಡಿದ್ದೇನಲ್ಲ. ಬಿ.ಕಾಂ. ಮುಗಿಸಿ, ಹಗಲೆಲ್ಲ ಆಫೀಸಿನಲ್ಲಿ ದುಡಿದು, ಸಂಜೆ ಸ್ಟುಡಿಯೋದ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮೊದಲು ನಿನಗೆ ಜೀನ್ಸ್ ಹಾಕಿಸಿ, ಕಪ್ಪು ಗಾಗಲ್ ಹಾಕಿಸಿ, ಹಿಂದೆ ಹುಡುಗರನ್ನು ಕುಣಿಸಿ ನಮ್ಮ ಬೀಸುವ ಪದ ಹಾಡಿಸಿದರು. ಓಣಿಯವರು ಬಿಟ್ಟರೆ ಯಾರೂ ನೋಡಲಿಲ್ಲ. ಆಮೇಲೆ ಅದೇ ಹಾಡು, ಅದೇ ದನಿ, ಬರಿಗಾಲಲ್ಲಿ ಖಾನಾಪುರದ ಕಾಡಂಚಿನಲ್ಲಿ ಎಮ್ಮೆಯ ಮುಂದೆ ನಿಲ್ಲಿಸಿ ಹಾಡಿಸಿದರು, ಜನ ಮುಗಿಬಿದ್ದರು. ಎಮ್ಮೆ ಕಂಡರೆ ಓಡಿಹೋಗಿ ಅಂಗಡಿಕಟ್ಟೆ ಹತ್ತುವ ಹುಡುಗಿ ನೀನು! ಹಳ್ಳಿ ಹುಡುಗಿ ಕನ್ನಡಕ ಹಾಕುವುದಿಲ್ಲ ಎಂದು ಕನ್ನಡಕ ತೆಗೆಸಿದರು. ಓದು ಬಾರದವಳು ಎಂದು ಹೇಳಿಸಿದರು. ಅಭಿಮಾನಿಗಳು ಸಹಿ ಕೇಳಿದರೆ ನೀನು ಹೆಬ್ಬೆಟ್ಟು ಒತ್ತಿ ಕೊಡುವ ವಿಡಿಯೋ ನೋಡಿದೆ, ನಿನ್ನ ಅಕ್ಷರ ಎಷ್ಟು ದುಂಡಗೆ ಇತ್ತು ಎಂದು ಅತ್ತುಬಿಟ್ಟೆ. ನಿಮ್ಮಪ್ಪ ಹೋದ ದಿನದಿಂದ ನೀನು ಅರ್ಧ ತಬ್ಬಲಿ ಇದ್ದೆ. ಉಳಿದ ಅರ್ಧ ಕಂಪನಿಯವರು ಪೂರ್ತಿ ಮಾಡಿದರು.

ಇದೆಲ್ಲ ಆಗಲಿ. ಬಣ್ಣ ತೊಳೆದರೆ ಹೋಗುತ್ತದೆ, ಹೆಬ್ಬೆಟ್ಟಿನ ಮಸಿಯೂ ಹೋಗುತ್ತದೆ. ನನಗೆ ಹೆದರಿಕೆ ಆ ಹಾಡಿನದು.

ಹಾಡ್ಯಾಡಿ ಅಳುವುದನ್ನು ನಿನಗೆ ಯಾರೂ ಕಲಿಸಲಿಲ್ಲ, ನನ್ನ ಮಗ್ಗುಲಲ್ಲಿ ಕೂತು ಕಲಿತೆ. ಓಣಿಯಲ್ಲಿ ಯಾರೇ ಲಿಂಗೈಕ್ಯರಾಗಲಿ, ವಿಭೂತಿ ಹಚ್ಚಿ ಕೂಡಿಸಿದ ಮೇಲೆ “ಶಿವಲಿಂಗವ್ವನ ಕರೀರಿ” ಎನ್ನುತ್ತಿದ್ದರು. ನಾನು ಹೆಸರು ಹಿಡಿದು, ಅವರು ನೇಯ್ದದ್ದು, ಉಂಡದ್ದು, ಬೈದದ್ದು ಎಲ್ಲ ಹೇಳಿ ಅಳುತ್ತಿದ್ದೆ. ಕಲ್ಲಾಗಿ ಕೂತಿದ್ದ ಮನೆಯವರಿಗೆ ಆಗ ಅಳು ಬರುತ್ತಿತ್ತು. ಹೆಣ ಎತ್ತಿದರೆಂದರೆ ಹಾಡು ಅಲ್ಲಿಗೆ ಮುಗಿಯಿತು. ಆಮೇಲೆ ಬಾಯಿ ಮುಕ್ಕಳಿಸಿ, ದಾರಿಯಲ್ಲಿ ಯಾರ ಜೊತೆಗೂ ಮಾತಾಡದೆ ಮನೆಗೆ ಬರುತ್ತಿದ್ದೆ. ಹೊಸ್ತಿಲಲ್ಲಿ ನೀನು ಬೆಲ್ಲದ ಚೂರು ಹಿಡಿದು ನಿಂತಿರುತ್ತಿದ್ದೆ, ನೆನಪಿದೆಯೇ? ನೀನು ಬೆಲ್ಲ ಬಾಯಿಗೆ ಹಾಕಿದ ಮೇಲೆಯೇ ನನ್ನ ಮಾತು. ಒಮ್ಮೆ ಬೆಲ್ಲ ನೀನೇ ತಿಂದುಬಿಟ್ಟೆ, ನಾನು ಕೈಸನ್ನೆ ಮಾಡುತ್ತ ಹೊಸ್ತಿಲ ಹೊರಗೇ ನಿಂತಿದ್ದೆ. ಪಕ್ಕದ ಮನೆಯವರು ಕೊಟ್ಟರು ಎಂದು ನಡೆಯಿತು. ಶರಣರ ಮನೆಯಲ್ಲಿ ಸೂತಕ ಇಲ್ಲ ಎಂದು ಅಯ್ಯನವರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಅತ್ತ ಬಾಯಿಗೆ ಬೆಲ್ಲ ಬೀಳಲೇಬೇಕು ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಅವಳೇ ಇನ್ನೊಂದು ಮಾತು ಹೇಳುತ್ತಿದ್ದಳು. “ಹೆಣ ಇಲ್ಲದ ಕಡೆ ಹಾಡ್ಯಾಡಬ್ಯಾಡವ್ವಾ, ಹಾಡು ಹೆಣ ಹುಡುಕತೈತಿ.” ಅದರ ಮುಂದೆಯೂ ಏನೋ ಒಂದು ಇತ್ತು, ಈಗ ನೆನಪಾಗುತ್ತಿಲ್ಲ. ಇರಲಿ.

ನೀನು ಓದಿದವಳು, ನಗುತ್ತೀ. ನಗು. ಆದರೆ ಲೆಕ್ಕವಿಲ್ಲದಷ್ಟು ಸಲ ಹಾಡಿದೆಯಲ್ಲ ಪೂರ್ಣೀ. ಕಿಸಬಾಯಿ ದಾಸ ಹಾಡಿದ್ದೇ ಹಾಡಿದ ಹಾಗೆ ಸ್ಟುಡಿಯೋದಲ್ಲಿ, ಗಣಪತಿ ಪೆಂಡಾಲಿನಲ್ಲಿ, ಶೋರೂಮಿನ ಉದ್ಘಾಟನೆಯಲ್ಲಿ ಸುದ್ದಾ. ಪ್ರತಿ ಸಲ ನನ್ನ ಹೆಸರು ಹಿಡಿದು. ಒಂದು ಸಲವೂ ಹೆಣ ಇಲ್ಲ. ಒಂದು ಸಲವೂ ನಿನ್ನ ಬಾಯಿಗೆ ಯಾರೂ ಬೆಲ್ಲ ಹಾಕಿರಲಿಕ್ಕಿಲ್ಲ.

ದೀಪಾವಳಿಗೆ ಮೊದಲು ನಿನ್ನ ಹಣಮಪ್ಪ ಮಾವ ಬಂದಿದ್ದ. ಹೊಲದಲ್ಲಿ ಯಾರದೋ ಮೊಬೈಲಿನಲ್ಲಿ ನಿನ್ನ ಹಾಡು ಕೇಳಿದನಂತೆ. ತಂಗಿಯ ಹೆಸರು, ಕಂಡಿಕೆ ಸುತ್ತುವ ಕೈ, ಫೋಟೋ, ಹಾರ ಎಲ್ಲ ಕಂಡ ಮೇಲೆ ಯಾರಾದರೂ ಏನು ತಿಳಿಯಬೇಕು? ಹೆಸರು ಹಿಡಿದು ಸುಳ್ಳು ಅಳುವ ಮಗಳು ನಮ್ಮ ಪೈಕಿ ಇದ್ದಾಳೆಂದು ಅವನಿಗೆ ಕನಸೇ? ನನಗೆ ಫೋನ್ ಹಚ್ಚಿದರೆ ನಂಬರು ಬಂದ್. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಬುತ್ತಿ ಕಟ್ಟಿಕೊಂಡು ಗಂಡ ಹೆಂಡತಿ ಬಸ್ಸು ಹತ್ತಿದರು. ರೂಢಿಯಂತೆ ಓಣಿಯ ಬಾಯಿಯಿಂದಲೇ ಅತ್ತಿಗೆ ದನಿ ತೆಗೆದು ಅಳುತ್ತ ಬಂದಳು. ಒಳಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ನಾನು, ಯಾರೋ ಹೋದರಲ್ಲ ಪಾಪ ಎಂದು ಸೆರಗು ಸರಿ ಮಾಡಿಕೊಳ್ಳುತ್ತ ಹೊರಗೆ ಬಂದೆ. ನನ್ನನ್ನು ಕಂಡು ಅತ್ತಿಗೆ ಇದ್ದಲ್ಲೇ ಕುಸಿದಳು. ಅಣ್ಣ ಬುತ್ತಿಗಂಟು ಹಿಡಿದುಕೊಂಡೇ “ಶಿವಲಿಂಗೀ, ನೀ ಅದೀಯೇನ?” ಎಂದ. ಅದೀನೋ ಯಣ್ಣಾ ಎಂದೆ. ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಮುಗಿದ ಮೇಲೆ ಬುತ್ತಿಯ ಮಾತು ಬಂತು. ಸಾವಿಗೆಂದು ಕಟ್ಟಿದ ಬುತ್ತಿ ತಿರುಗಿ ಒಯ್ಯುವಂತಿಲ್ಲ. ಸಾವಿಲ್ಲದ ಮನೆಯಲ್ಲಿ ಬಿಚ್ಚುವಂತಿಲ್ಲ. ಹಿರಿಯರು ಕಟ್ಟೆಯ ಮೇಲೆ ಕೂತು ವಾದ ಮಾಡಿದರು, ಒಬ್ಬರು ನಾಯಿಗೆ ಹಾಕಿರಿ ಎಂದರು, ಒಬ್ಬರು ಹರಿಯುವ ನೀರಿಗೆ ಬಿಡಿರಿ ಎಂದರು. ವಡಗಾವಿಯಲ್ಲಿ ಹರಿಯುವ ನೀರು ಎಲ್ಲಿದೆ, ಗಟಾರ ಒಂದೇ. ಅನ್ನ ಚೆಲ್ಲಬಾರದು ಎಂದು ಕೊನೆಗೆ ನಾನೇ ಬಿಚ್ಚಿ ಕೂತೆ. ನನ್ನ ಸಾವಿನ ಬುತ್ತಿಯನ್ನು ನಾನೇ ಉಂಡೆ. ಪುಂಡಿಪಲ್ಯ ರುಚಿಯಾಗಿತ್ತು. ಸುಳ್ಳು ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚಾಗುತ್ತದೆ ಎಂದು ಅಣ್ಣ ಸಮಾಧಾನ ಹೇಳಿದ. ಆದರೆ ಹೊರಡುವಾಗ ಅತ್ತಿಗೆ ಬಗ್ಗಿ ನನ್ನ ಕಾಲು ಮುಟ್ಟಿದಳು. ನನಗಿಂತ ಹಿರಿಯಳು ಆಕೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿದವಳಲ್ಲ. ಏಕೆ ಮುಟ್ಟಿದಳು ಎಂದು ಅವಳಿಗೂ ತಿಳಿಯಲಿಲ್ಲ, ಎದ್ದು ಹೋದಳು. ಆ ಉಂಡದ್ದು ಇನ್ನೂ ನನ್ನ ಹೊಟ್ಟೆಯಲ್ಲಿ ಇದೆ ಎನ್ನಿಸುತ್ತದೆ.

ಈ ಸುದ್ದಿ ವಿಕ್ರಮ ಸರ್ ಕಿವಿಗೆ ಹೇಗೆ ಬಿತ್ತೋ, ಮರುದಿನವೇ ಕುಂದಾದ ಡಬ್ಬಿ ಹಿಡಿದು ಬಂದರು. ಎಷ್ಟು ಸೌಮ್ಯ ಮನುಷ್ಯ ಅಂತೀ. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಕೂತು, ನೀರು ಕೇಳಿ ಕುಡಿದರು. ಜೀವ ಇರುವಾಗಲೇ ನನಗೇಕೆ ಹಾರ ಹಾಕಿದಿರಿ ಎಂದು ಕೇಳಿದೆ. “ಅವ್ವಾರ, ಜನಾ ಹಾಡು ಕೇಳಂಗಿಲ್ರೀ. ಹಾಡಿನ ಹಿಂದಿನ ಕಥಿ ಕೇಳ್ತಾರ. ನಿಮ್ಮ ಮಗಳ ದನಿ ಚಲೋ ಐತಿ, ಆದ್ರ ಚಲೋ ದನಿ ಇದ್ದವರು ಬಸ್ ಸ್ಟ್ಯಾಂಡಿನ್ಯಾಗೂ ಸಿಗ್ತಾರ” ಎಂದರು. ಖಾನಾಪುರದ ಕಾರ್ಯಕ್ರಮ ಆಗಲೇ ಗೊತ್ತಾಗಿತ್ತು. ತಬ್ಬಲಿ ಹುಟ್ಟಿದ ನೆಲದಲ್ಲೇ ಅವ್ವನ ಪುಣ್ಯತಿಥಿ, ಆಳೆತ್ತರದ ಫೋಟೋ, ಕೊನೆಗೆ ಆ ಹಾಡು. ನೀನು ಹುಟ್ಟಿದ್ದು ವಡಗಾವಿಯಲ್ಲಲ್ಲವೇ ಎಂದೆ, ನಕ್ಕರು. ಅಲ್ಲಿಯವರೆಗೆ ನಾನು ಯಾರ ಕಣ್ಣಿಗೂ ಬೀಳದ ಕಡೆ ಇರಬೇಕು ಎಂದರು. ಇರುವುದಿಲ್ಲ ಎಂದರೆ ಏನು ಮಾಡುತ್ತೀರಿ ಎಂದು ನಾನೂ ಬಿಡಲಿಲ್ಲ. ಅವರು ದನಿ ಏರಿಸಲಿಲ್ಲ. “ನಾವೇನೂ ಮಾಡಂಗಿಲ್ರೀ. ಜನಾ ಎಷ್ಟ್ ಪ್ರೀತಿ ಮಾಡ್ಯಾರೋ, ಮೋಸ ಅಂತ ಗೊತ್ತಾದ್ರ ಅಷ್ಟ ಸಿಟ್ಟಿಗೇಳ್ತಾರ. ಸ್ಟೇಜಿನ ಮ್ಯಾಲ ಪೂರ್ಣಿ ಒಬ್ಬಾಕೀನ ಇರ್ತಾಳ ನೋಡ್ರಿ” ಎಂದು ಹೇಳಿ ಕೈಮುಗಿದು ಎದ್ದರು. ಕುಂದಾದ ಡಬ್ಬಿ ಗೋಡೆಯ ಮಾಡದಲ್ಲೇ ಇರುವೆ ಹತ್ತಿ ಹೋಯಿತು.

ಹೆದರಿದವರ ಮೇಲೆಯೇ ಹಲ್ಲಿ ಬೀಳುವುದು. ದೇಸೂರಿಗೆ ಬರಲು ಬೆಳಗಾವಿ ಸ್ಟೇಶನ್ನಿನಲ್ಲಿ ರೈಲು ಹತ್ತಿದೆ, ಎದುರಿಗೆ ಕೂತವಳು ನನ್ನನ್ನೇ ನೋಡತೊಡಗಿದಳು. “ನಿಮ್ಮನ್ನ ಎಲ್ಲೋ ನೋಡೀನಲ್ರೀ?” ಎಂದಳು. ತಪ್ಪಿಸಿಕೊಳ್ಳಲು “ಮಲಾ ಕನ್ನಡ ಯೇತ ನಾಹೀ”, ನನಗೆ ಕನ್ನಡ ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಕಿಟಕಿಯ ಕಡೆ ತಿರುಗಿದೆ. ನಮ್ಮ ಕಡೆ ಮರಾಠಿಯ ಹಿಂದೆ ಅಡಗಲು ಹೋದ ನಾನು ಎಂಥ ದಡ್ಡಿ ನೋಡು! ಆಕೆ ನನಗಿಂತ ಚಂದದ ಮರಾಠಿಯಲ್ಲಿ ಮಾತು ಮುಂದುವರಿಸಿದಳು. ಆ ತಬ್ಬಲಿ ಹುಡುಗಿಯ ಸತ್ತ ತಾಯಿಯ ಹಾಗೆಯೇ ಇದ್ದೀರಿ ಎಂದು ಮೊಬೈಲ್ ತೆಗೆದು ನನ್ನ ಮುಖದ ಬಾಜು ಹಿಡಿದಳು. ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಮೊಬೈಲ್ ಚೀಲಕ್ಕೆ ಹಾಕಿ, ಕೈಮುಗಿದು, ಎದ್ದು ಬೇರೆ ಡಬ್ಬಿಗೆ ಹೋದಳು. ನನಗೆ ಹೆದರಿ ಹೋದಳು ಪೂರ್ಣೀ. ನಾನು ಅವಳಿಗೆ ಹೆದರುತ್ತ ಕೂತಿದ್ದರೆ ಅವಳಿಗೆ ನಾನು ದೆವ್ವವಾಗಿದ್ದೆ. ದೇಸೂರಿನಲ್ಲಿ ಇಳಿದಾಗ ನನ್ನ ನೆರಳು ಸ್ಟೇಶನ್ನಿನ ಫಲಾಟಿನ ಮೇಲೆ ಬಿದ್ದದ್ದು ನೋಡಿ ನಿಟ್ಟುಸಿರು ಬಿಟ್ಟೆ.

ಇಲ್ಲಿ ಚಿಗವ್ವ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೆ ಯಾರಾದರೂ ಬಾಗಿಲು ಬಡಿದರೆ ನಾನು ಹಿತ್ತಲಿಗೆ ಓಡಬೇಕು. ತಲೆ ತುಂಬ ಸೆರಗು. ಜೋರಾಗಿ ಕೆಮ್ಮಿದರೂ ಅವಳ ಜೀವ ಬಾಯಿಗೆ ಬರುತ್ತದೆ. ಬದುಕಿದ್ದೂ ಸತ್ತವರ ಹಾಗೆ ಎಂದು ಮಾತಿಗೆ ಹೇಳುತ್ತೇವಲ್ಲ, ಅದನ್ನು ದಿನವೂ ಅಭ್ಯಾಸ ಮಾಡುತ್ತಿದ್ದೇನೆ. ಚಿಗವ್ವನಿಗೆ ಹೇಳಿದರೆ “ಅಕ್ಕಾ, ಏನೇನರ ಅನಬ್ಯಾಡ” ಎಂದು ಕೈಯಿಂದ ಬಾಯಿ ಮುಚ್ಚುತ್ತಾಳೆ.

ಸಾನಿಕಾ ಹೋದ ಸಲ ಬಂದಾಗ ಇನ್ನೊಂದು ಹೇಳಿದಳು. ಬೆಳಗಾವಿಯ ಕಾರ್ಯಕ್ರಮದಲ್ಲಿ ನನ್ನ ಹೆಸರು ಬರುವ ಜಾಗದಲ್ಲಿ ನಿನ್ನ ದನಿ ಕಟ್ಟಿತಂತೆ, ಜನ ಅದು ದುಃಖಕ್ಕೆ ಕಟ್ಟಿದ್ದು ಎಂದು ಚಪ್ಪಾಳೆ ಹೊಡೆದರಂತೆ. ನಾನು ದೇಸೂರಿಗೆ ಬಂದ ಮೇಲೆಯೇ ಅಂತೆ ಇದು ಶುರುವಾದದ್ದು. ದಣಿವು ಇರಬೇಕು. ತಿರುಗಾಟ, ನಿದ್ದೆಗೇಡು, ಹೊತ್ತಿಗೆ ಸರಿಯಾಗಿ ಊಟವಿಲ್ಲ. ಜ್ಯೇಷ್ಠಮಧು ಬಾಯಲ್ಲಿ ಇಟ್ಟುಕೋ, ತಣ್ಣೀರು ಮುಟ್ಟಬೇಡ. ಏನೂ ಇರಲಿಕ್ಕಿಲ್ಲ. ಆ ಬಗ್ಗೆ ನಾನು ಯೋಚನೆ ಮಾಡುತ್ತಿಲ್ಲ.

ನನ್ನ ಯೋಚನೆಯೆಲ್ಲ ನನ್ನದೇ. ಹಾಡು ಹೆಣ ಹುಡುಕುತ್ತದೆ ಎಂದು ಬರೆದೆನಲ್ಲ, ಅದು ನನ್ನನ್ನು ಹುಡುಕಿಕೊಂಡು ಬರುತ್ತಿದೆ ಎನ್ನಿಸುತ್ತದೆ. ಹಿತ್ತಲಲ್ಲಿ ಎಲೆ ಅಲುಗಿದರೂ ಬಂತೇನೋ ಎನ್ನಿಸುತ್ತದೆ. ಇಷ್ಟು ಹೆಣಗಳ ಮುಂದೆ ಕೂತು ಅತ್ತವಳಿಗೆ ಸಾವಿನ ಹೆದರಿಕೆಯೇ ಎಂದು ಕೇಳಬೇಡ. ಇದೆ. ನನಗೆ ಸಾಯಲು ಮನಸ್ಸಿಲ್ಲ. ನಿನ್ನ ಮದುವೆ ನೋಡಬೇಕು, ನಿನ್ನ ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯಬೇಕು. ಅದಕ್ಕೇ ಕೇಳುತ್ತೇನೆ, ರವಿವಾರ ಆ ಒಂದು ಹಾಡು ಬಿಟ್ಟುಬಿಡು. ಬೀಸುವ ಪದ ಹಾಡು, ಸೋಬಾನ ಹಾಡು, ಬೇಕಾದರೆ ಜೀನ್ಸ್ ಹಾಕಿಕೊಂಡು ಕುಣಿ. ಅವ್ವನ ಹಾಡು ಮಾತ್ರ ಬೇಡ. ನಿನಗಾಗಿ ಅಲ್ಲ, ನನಗಾಗಿ ಬಿಡು. ಇಷ್ಟು ದಿನ ನಿನ್ನಲ್ಲಿ ಏನೂ ಕೇಳಿದವಳಲ್ಲ, ಇದೊಂದು ಕೇಳುತ್ತೇನೆ.

ನೀನು ಬಿಡಲು ಆಗುವುದಿಲ್ಲ ಎಂದರೂ ನಾನು ನಿನಗೆ ತೊಂದರೆ ಮಾಡುವವಳಲ್ಲ. ವಿಕ್ರಮ ಸರ್‌ಗೆ ಮಾತು ಕೊಟ್ಟಂತೆ ರವಿವಾರ ಈ ಕೋಣೆಯ ಬಾಗಿಲು ಹಾಕಿಕೊಂಡು ಇಲ್ಲೇ ಇರುತ್ತೇನೆ. ಆಣೆ ಮಾಡಿ ಹೇಳುತ್ತೇನೆ. ನೀನು ನೆಮ್ಮದಿಯಿಂದ ಇರು.

ಹೊಟ್ಟೆ ತುಂಬ ಉಣ್ಣು. ಬರಿಗಾಲಲ್ಲಿ ಹೆಚ್ಚು ಹೊತ್ತು ನಿಲ್ಲಬೇಡ, ಖಾನಾಪುರದ ಥಂಡಿ ಕಾಲಿನಿಂದ ಏರುತ್ತದೆ.

ಇನ್ನೂ ಇರುವ ನಿನ್ನ ಅವ್ವ,
ಶಿವಲಿಂಗವ್ವ


ತಾ.ಕ.
ಖಾನಾಪುರ, ರವಿವಾರ ಸಂಜೆ

ಪೂರ್ಣೀ, ನಿನ್ನೆ ಸಾನಿಕಾ ಬಂದಳು. ಕಾಗದ ಕೊಡಲಿಲ್ಲ, ಕೊಡುವ ಮೊದಲೇ ಅವಳು ಅತ್ತುಬಿಟ್ಟಳು. ನಿನ್ನ ಉಗುಳಿನಲ್ಲಿ ರಕ್ತ ಬರುತ್ತಿದೆಯಂತೆ. ಗಂಟಲ ಡಾಕ್ಟರು ಬಾಯಿ ಬಿಡಲೇಬೇಡ ಎಂದಿದ್ದಾರಂತೆ. ರವಿವಾರ ಒಂದು ಮುಗಿಯಲಿ ಎಂದು ಕಂಪನಿಯವರು ಅಂದರಂತೆ. ನೀನೂ ಹೂಂ ಎಂದೆಯಂತೆ. ಆ ಹಾಡು ಬಿಡಲು ಅವರು ಕೊಡುವುದಿಲ್ಲ, ಪೋಸ್ಟರಿನಲ್ಲಿ ದೊಡ್ಡದಾಗಿ ಅದನ್ನೇ ಹಾಕಿದ್ದಾರೆ. ಬರುವಾಗ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ನಾನೇ ಓದಿದೆ.

ಹೌದು, ಬಂದಿದ್ದೇನೆ. ಆಣೆ ಮುರಿದಿದ್ದೇನೆ. ಪೆಂಡಾಲಿನ ಹಿಂದೆ ಕೂತು ಇದನ್ನು ಬರೆಯುತ್ತಿದ್ದೇನೆ, ಸಾನಿಕಾ ನಿನ್ನ ಮುಖಕ್ಕೆ ಬಣ್ಣ ಹಚ್ಚುವ ಮೊದಲು ಕೊಡುತ್ತಾಳೆ. ಗುರುವಾರ ಬರೆದದ್ದರಲ್ಲಿ ಒಂದು ಸುಳ್ಳಿದೆ. ನನ್ನ ಅವ್ವ ಹೇಳುತ್ತಿದ್ದ ಮಾತಿನ ಉಳಿದರ್ಧ ನನಗೆ ಮರೆತಿರಲಿಲ್ಲ. “ಹಾಡು ಹೆಣ ಹುಡುಕತೈತಿ. ಹೆಸರಿನಾಕಿ ಸಿಗಲಿಲ್ಲಂದ್ರ ಹಾಡಿದ ಬಾಯಿಗೇ ಹೊಳ್ಳಿ ಬರತೈತಿ.” ನಾನು ದೇಸೂರಿನಲ್ಲಿ ಅಡಗಿ ಕೂತೆ, ನಿನ್ನ ಗಂಟಲು ಕಟ್ಟಿತು. ನನ್ನ ಸಾವಿಗೆ ಹೆದರಿದೆ ಎಂದು ಬರೆದದ್ದು ಏಕೆಂದರೆ, ನಿನಗಾಗಿ ಬಿಡು ಎಂದರೆ ನೀನು ಚಿಕ್ಕಂದಿನಿಂದಲೂ ಕೇಳಿದವಳಲ್ಲ. ನನಗಾಗಿ ಎಂದರೆ ಕೇಳಬಹುದು ಎಂದುಕೊಂಡೆ. ಡಾಕ್ಟರು ಹೇಳಿದ್ದು ಖರೇ ಇರಬಹುದು, ನನ್ನ ಅವ್ವ ಹೇಳಿದ್ದು ಖರೇ ಇರಬಹುದು. ಎರಡರಲ್ಲೂ ಹೋಗುವವಳು ನೀನೇ, ನಾನಲ್ಲ.

ಹಾಡದೆ ಇಳಿದು ಬಂದರೆ ನಾವಿಬ್ಬರೂ ಈಗಲೇ ವಡಗಾವಿಗೆ ಹೋಗೋಣ. ಜನ ಏನಾದರೂ ಅನ್ನಲಿ, ನಿನ್ನ ಮುಂದೆ ನಾನು ನಿಲ್ಲುತ್ತೇನೆ. ಹಾಡಲೇಬೇಕು ಎಂದರೆ, ಹೆಂಗಸರ ಕಡೆ, ಮೈಕಿನ ಕಂಬದ ಬುಡದಲ್ಲಿ ಕೂತಿರುತ್ತೇನೆ. ಫೋಟೋದಲ್ಲಿನ ಹಸಿರು ಇಳಕಲ್ಲನ್ನೇ ಉಟ್ಟಿದ್ದೇನೆ. ನೀನು ನನ್ನ ಹೆಸರು ಹಿಡಿದ ಕೂಡಲೇ ತಲೆಯ ಮೇಲಿನ ಸೆರಗು ತೆಗೆಯುತ್ತೇನೆ. ಹುಡುಕುವುದಿದ್ದರೆ ನನ್ನನ್ನು ಹುಡುಕಲಿ, ದೂರ ಹೋಗದೆ ಇಲ್ಲೇ ಸಿಗಲಿ. ಯಾರು ಗುರುತು ಹಿಡಿದರೂ ಸರಿ. ಬೆಲ್ಲ ನನ್ನ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದೇನೆ, ಹಾಡು ಮುಗಿದ ಮೇಲೆ ಯಾರ ಜೊತೆಗೂ ಮಾತಾಡದೆ ನನ್ನ ಹತ್ತಿರ ಬಾ.

ಕಾಗದದ ಜೊತೆ ಬಟ್ಟೆಯಲ್ಲಿ ಸುತ್ತಿದ್ದು ನಿನ್ನ ಹಳೆಯ ಕನ್ನಡಕ. ಅದಿಲ್ಲದೆ ನಿನಗೆ ಮೈಕಿನ ಕಂಬ ಸುದ್ದಾ ಕಾಣುವುದಿಲ್ಲ, ನನಗೆ ಗೊತ್ತಿದೆ. ಹಾಕಿಕೊಂಡು ಹೋಗು. ಮೊದಲು ನನ್ನನ್ನು ನೋಡು, ಆಮೇಲೆ ಬಾಯಿ ತೆರೆ.